ಮಂಜಿನ ಹಸಿರನ್ನು ಚಿತ್ರಿಸುವಾಗ

ಕುದುರೆಮುಖದ ಹುಲ್ಲುಗಾವಲು ಮತ್ತು ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡುಗಳನ್ನು ಮಳೆಗಾಲದಲ್ಲಿ ಕ್ಯಾಮೆರಾದಲ್ಲಿ ಚಿತ್ರಿಸಲು ಆರಂಭಿಸಿದ ದಿನಗಳಲ್ಲಿ, ಮಂಜು ಕವಿದ ಚಿತ್ರದ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳುಪಿನವರೆಗಿನ ಛಾಯೆಗಳು ಎಷ್ಟೆಷ್ಟಿವೆ ಎಂದು ತೋರಿಸುವ ನಕ್ಷೆ) ನಡುವೆ ಸಣ್ಣ ದಿಬ್ಬದಂತೆ ನಿಂತಿರುವುದನ್ನು ನಾನು ಕೊರತೆಯೆಂದೇ ಭಾವಿಸಿದ್ದೆ. ಎಡತುದಿಯಲ್ಲಿ ಕಪ್ಪಿಲ್ಲ, ಬಲತುದಿಯಲ್ಲಿ ಬಿಳುಪಿಲ್ಲ ಎಂದು ಕಾಂಟ್ರಾಸ್ಟ್ ಏರಿಸಿ, ತಂತ್ರಾಂಶದ ಡಿಹೇಜ್ ಸ್ಲೈಡರ್ ಬಳಸಿ ಮಂಜನ್ನು ತೆಗೆಯುತ್ತಿದ್ದೆ. ಆಗ ದೂರ ಹೋದಂತೆ ತಿಳಿಯಾಗುತ್ತಾ ಸಾಗಬೇಕಾದ ಮರಗಳ ಸಾಲುಗಳೆಲ್ಲ ಹತ್ತಿರದ ಸಾಲಿನಷ್ಟೇ ಕಪ್ಪಾಗಿ, ಕಣಿವೆಯ ಆಳವೇ ಇಲ್ಲವಾಗುತ್ತಿತ್ತು. ಆ ಆಳವನ್ನು ಕಟ್ಟಿಕೊಡುತ್ತಿದ್ದುದು ಸಾಲು ಸಾಲಿನ ನಡುವಿನ ಅತಿ ಸಣ್ಣ ಅಂತರವೇ ಎಂದು ಅರಿಯಲು ನನಗೆ ಎರಡು ಮಳೆಗಾಲಗಳು ಬೇಕಾದವು.

ಈಗ ಬಹುಪಾಲು ನಿರ್ಧಾರಗಳನ್ನು ಸ್ಥಳದಲ್ಲೇ ಮಾಡುತ್ತೇನೆ. ಕ್ಯಾಮೆರಾದ ಮೀಟರ್ ಬಿಳಿ ಮಂಜನ್ನು ನಡುಬೂದು ಬಣ್ಣಕ್ಕೆ ಇಳಿಸುವುದರಿಂದ, ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪ್‌ನಿಂದ ಒಂದು ಸ್ಟಾಪ್‌ವರೆಗೆ ಹೆಚ್ಚಿಸುತ್ತೇನೆ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು). ಚಿತ್ರವನ್ನು ರಾ ಕಡತವಾಗಿಯೇ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲೇ ಉಳಿಸುತ್ತೇನೆ. 14 ಬಿಟ್‌ನ ರಾದಲ್ಲಿ ಪ್ರತಿ ಬಣ್ಣಕ್ಕೆ 16,384 ಹಂತಗಳಿದ್ದರೆ ಜೆಪೆಗ್‌ನಲ್ಲಿ ಇರುವುದು 256 ಮಾತ್ರ, ಇಡೀ ಕಾಡು ಆ ಇಕ್ಕಟ್ಟಾದ ದಿಬ್ಬದೊಳಗೇ ಅಡಗಿರುವಾಗ ಅದರ ಪಾಲಿಗೆ ಬರುವ ಹಂತಗಳು ಇನ್ನೂ ಕಡಿಮೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಹಗಲು ಬೆಳಕಿನ 5,500 ಕೆಲ್ವಿನ್‌ಗೆ ನಿಲ್ಲಿಸಿ, ಮಂಜಿನ ತೆಳು ನೀಲಿಯನ್ನು ಉಳಿಸಿಕೊಳ್ಳುತ್ತೇನೆ. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ಪೂರ್ತಿ ತಿರುಗಿಸಿದರೆ ಎಲೆಗಳ ಮೇಲಿನ ಆಕಾಶದ ಹೊಳಪು ಹೋಗಿ ಹಸಿರು ದಟ್ಟವಾಗುತ್ತದೆ, ಆದರೆ ಮಳೆಯಲ್ಲಿ ನೆನೆದ ಕಾಡು ಒಣಗಿದಂತೆ ಕಾಣುತ್ತದೆ. ಆದ್ದರಿಂದ ಅರ್ಧಕ್ಕೇ ನಿಲ್ಲಿಸುತ್ತೇನೆ.

ಬಣ್ಣದ ವಿಷಯದಲ್ಲಿ ನನಗೆ ಹೆಚ್ಚು ಕಲಿಸಿದ್ದು ಹುಲ್ಲು. ಶೋಲಾದ ಹಸಿರು ನೀಲಿಯ ಕಡೆಗೂ ಹುಲ್ಲಿನ ಹಸಿರು ಹಳದಿಯ ಕಡೆಗೂ ವಾಲಿರುತ್ತದೆ, ಹುಲ್ಲು ತೆನೆ ಬಿಟ್ಟು ಮಾಗತೊಡಗಿದಾಗ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದರೆ ಎರಡೂ ಒಂದೇ ಸಮನೆ ಹಸಿರೆನಿಸಿ ಕಾಡಿನ ಅಂಚು ಕಳೆದುಹೋಗುತ್ತದೆ. ನಾನು ಮಾಡುವುದು ಅದಕ್ಕೆ ವಿರುದ್ಧ: ಹಸಿರಿನ ಸ್ಯಾಚುರೇಶನನ್ನು ಹತ್ತು ಹದಿನೈದು ಅಂಶ ಇಳಿಸಿ, ಹಳದಿಯ ಸ್ಲೈಡರನ್ನು ಇದ್ದಲ್ಲೇ ಬಿಡುತ್ತೇನೆ. ಎಲೆಹಸಿರಿನ ಬಹುಪಾಲು ತಂತ್ರಾಂಶದಲ್ಲಿ ಹಳದಿಯ ಸ್ಲೈಡರಿಗೇ ಸೇರುವುದರಿಂದ, ಅದನ್ನು ಮುಟ್ಟಿದರೆ ಹುಲ್ಲಿನ ಜೀವವೇ ಹೋಗುತ್ತದೆ.

ಕೊನೆಯ ಪರೀಕ್ಷೆ ಮುದ್ರಣದ್ದು. ಇಂಥ ಚಿತ್ರಗಳಿಗೆ ದಟ್ಟ ಕಪ್ಪು ಬೇಡವಾದ್ದರಿಂದ ಮ್ಯಾಟ್ ಕಾಗದವನ್ನೇ ಆರಿಸುತ್ತೇನೆ. ಇತ್ತೀಚಿನ ಒಂದು ಪ್ರತಿಯಲ್ಲಿ, ಪರದೆಯ ಮೇಲೆ ಕಂಡಿದ್ದ ನಾಲ್ಕನೆಯ ಸಾಲಿನ ಮರಗಳು ಕಾಗದದ ಬಿಳುಪಿನಲ್ಲಿ ಕರಗಿಹೋಗಿದ್ದವು. ಆ ಸಾಲನ್ನು ಮಾತ್ರ ಕೂದಲೆಳೆಯಷ್ಟು ಗಾಢಗೊಳಿಸಿ ಮತ್ತೆ ಮುದ್ರಿಸಿದೆ.