ಲಿನೋ ಕೆತ್ತಿ ದಪ್ಪ, ಒರಟು ಕನ್ನಡ ಅಕ್ಷರ ಮಾಡುವುದು ಹೇಗೆ

ನಾಟಕಕ್ಕೋ ಜಾತ್ರೆಗೋ ಪೋಸ್ಟರ್ ಮಾಡುವಾಗ ದಪ್ಪಗೆ, ಅಂಚು ಒರಟಾಗಿ, ಕೈಯಲ್ಲೇ ಮಾಡಿದ ಹಾಗೆ ಕಾಣುವ ಅಕ್ಷರ ಬೇಕು ಅನ್ನಿಸುತ್ತದೆ. ತುಂಬಾ ಜನ ನುಣುಪಾದ ಫಾಂಟಿಗೆ ಸುಮ್ನೆ ಒಂದು ರಫ್ ಎಫೆಕ್ಟ್ ಹಾಕಿಬಿಡುತ್ತಾರೆ. ಆಗ ಅಂಚೆಲ್ಲ ಒಂದೇ ಸಮ ಚಿಂದಿಯಾಗುತ್ತದೆ. ಉಳಿ ಹಾಗೆ ಕೊರೆಯುವುದಿಲ್ಲ. ನೇರ ಗೆರೆಯಲ್ಲಿ ಸಲೀಸಾಗಿ ಓಡುತ್ತದೆ, ತಿರುವು ಬಂದಲ್ಲಿ ತಡವರಿಸುತ್ತದೆ, ನಮ್ಮ ಅಕ್ಷರಗಳಲ್ಲಿ ತಿರುವೇ ಜಾಸ್ತಿ ಅಲ್ವಾ? ಅದಕ್ಕೇ ನಿಜವಾಗಿ ಕೆತ್ತಿ ಅನ್ನುತ್ತೇನೆ.

3 ಮಿಲಿಮೀಟರ್ ದಪ್ಪದ ಲಿನೋ (ಕೆತ್ತಿ ಅಚ್ಚೊತ್ತಲು ಬಳಸುವ ಲಿನೋಲಿಯಂ) ಹಾಳೆ, ವಿ ಮತ್ತು ಯು ಆಕಾರದ ಒಂದೊಂದು ಉಳಿ, ರೋಲರ್, ಕಪ್ಪು ಶಾಯಿ ಸಾಕು. ಲಿನೋ ಗಡುಸಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗಿಡಿ. ಕಾಗದದ ಮೇಲೆ ಮೆತ್ತನೆ ಪೆನ್ಸಿಲಿನಲ್ಲಿ ಬರೆದು, ಅದನ್ನು ಮಗುಚಿ ಲಿನೋ ಮೇಲೆ ಉಜ್ಜಿ. ಅಕ್ಷರ ತಾನಾಗೇ ತಿರುಗುಮುರುಗಾಗಿ ಕೂರುತ್ತದೆ, ಒತ್ತಿದಾಗ ಸರಿಯಾಗುತ್ತದೆ. ಅಕ್ಷರವನ್ನು ಹಾಗೇ ಬಿಟ್ಟು ಸುತ್ತಲಿನದನ್ನು ಕೆತ್ತಿ ತೆಗೆಯಿರಿ. ಉಳಿ ಹೋಗುವ ದಾರಿಯಲ್ಲಿ ಇನ್ನೊಂದು ಕೈ ಇಡಲೇಬೇಡಿ.

ಕಷ್ಟ ಇರುವುದು ಅಕ್ಷರದ ಒಳಗೆ. ನಾನು ಮೊದಲು ಕೆತ್ತಿದ್ದು 'ಧಾರವಾಡ'. ದಪ್ಪ ಚೆನ್ನಾಗಿ ಬಂದಿತ್ತು, ಆದರೆ ಶಾಯಿ ಹಚ್ಚಿ ಒತ್ತಿದಾಗ ಧದ ಹೊಟ್ಟೆಯ ಸೀಳು ಮುಚ್ಚಿಹೋಗಿ 'ದಾರವಾಡ' ಆಯಿತು. ಷದ ಒಳಗಿನ ಗೆರೆ, ಠದ ನಡುವಿನ ಚುಕ್ಕಿ, ಇವೂ ಹೀಗೇ ಕೈಕೊಡುತ್ತವೆ. ಹಾಗಾಗಿ ಒರಟುತನವೆಲ್ಲ ಹೊರ ಅಂಚಿಗೆ ಬಿಡಿ, ಒಳಗಿನ ಬಯಲನ್ನು ಬೇಕು ಅನ್ನಿಸಿದ್ದಕ್ಕಿಂತ ದೊಡ್ಡದಾಗಿ, ಚೊಕ್ಕಟವಾಗಿ ತೆರೆಯಿರಿ. ಒತ್ತಕ್ಷರದ ಗೆರೆಯನ್ನು ಮೇಲಿನ ಅಕ್ಷರಕ್ಕಿಂತ ತೆಳ್ಳಗಿಡಿ. 'ಸ್ತ್ರೀ' ಕೆತ್ತಿ ನೋಡಿ, ಎರಡು ಒತ್ತು ಒಂದಕ್ಕೊಂದು ಮೆತ್ತಿಕೊಳ್ಳದೆ ಓದಿಸಿಕೊಂಡರೆ ನಿಮ್ಮ ಅಳತೆ ಸರಿ ಇದೆ. ಅನುಮಾನ ಬಂದರೆ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ 'ಬಾಲೂ ತಮ್ಮ' ಅನ್ನುವ ದಪ್ಪ ಕನ್ನಡ ಫಾಂಟ್ ತೆರೆದು ನೋಡಿ. ಅದರ ಅಂಚು ನುಣುಪು, ಆದರೆ ಅಷ್ಟು ದಪ್ಪದಲ್ಲೂ ಒಳಗೆ ಹೇಗೆ ಉಸಿರಾಡಲು ಬಿಟ್ಟಿದ್ದಾರೆ ಅನ್ನುವುದು ಕಲಿಯುವಂಥದ್ದು.

ಶಾಯಿ ತೆಳ್ಳಗೆ ಹಚ್ಚಿ, ತೆಳು ಕಾಗದ ಹಾಕಿ, ಚಮಚದ ಬೆನ್ನಿನಿಂದ ಉಜ್ಜಿ. ಒಂದೇ ಅಕ್ಷರವನ್ನು ನಾಲ್ಕೈದು ಸಲ ಒತ್ತಿ, ಚೆನ್ನಾಗಿ ಬಂದ ಎರಡನ್ನು ಎತ್ತಿಟ್ಟುಕೊಳ್ಳಿ. 'ಜಾನಪದ ಜಾತ್ರೆ' ಅಂತ ಬರೆದಾಗ ಎರಡು ಜಾ ಅಚ್ಚು ಹಾಕಿದ ಹಾಗೆ ಒಂದೇ ಥರ ಇದ್ದರೆ ಕೈಕೆಲಸ ಅಂತ ಯಾರೂ ನಂಬುವುದಿಲ್ಲ.

ಆಮೇಲೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದ ಟ್ರೇಸ್ ಬಿಟ್‌ಮ್ಯಾಪ್‌ನಿಂದ ಅಕ್ಷರದ ಅಂಚನ್ನು ಗೆರೆಯಾಗಿ ಮಾಡಿಕೊಳ್ಳಿ. ಧೂಳಿನ ಚುಕ್ಕೆ ಅಳಿಸಿ, ಉಳಿಯ ಗುರುತು ಮುಟ್ಟಬೇಡಿ. ಗೆರೆಯನ್ನು ಸರಳ ಮಾಡುವ ಸಿಂಪ್ಲಿಫೈ ಅದರಲ್ಲೇ ಇದೆ, ಅದನ್ನು ಜಾಸ್ತಿ ಒತ್ತಿದರೆ ಅಷ್ಟು ಹೊತ್ತು ಕೆತ್ತಿದ್ದೆಲ್ಲ ಮತ್ತೆ ನುಣುಪಾಗುತ್ತದೆ.

ಒಂದು ಶೀರ್ಷಿಕೆಗೆ ಇಷ್ಟು ಸಾಕು. ಪೂರ್ತಿ ಫಾಂಟ್ ಮಾಡಬೇಕು ಅಂದರೆ ಫಾಂಟ್‌ಫೋರ್ಜ್ ಉಚಿತವಾಗಿದೆ, ಆದರೆ ಕೆತ್ತನೆ ಹೆಚ್ಚುತ್ತದೆ. ತ ಹೋಗಿ ತಿ ಆಗುವಾಗ ತಲೆಕಟ್ಟು ಬಿಟ್ಟು ಗುಡಿಸು ಬರುತ್ತದಲ್ಲ, ಅದನ್ನು ಬೇರೆಯಾಗೇ ಕೆತ್ತಬೇಕು, ಒತ್ತುಗಳನ್ನೂ ಅಷ್ಟೇ. ಮೊದಲು ನಿಮ್ಮ ಊರಿನ ಹೆಸರಿಗೆ ಬೇಕಾದ ಅಕ್ಷರ ಕೆತ್ತಿ, ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಓದಿ.