ನಗಾರಿ ಕೆಳಗೆ ಕಿಕ್ ಸೇರಿಸಿದಾಗ ಸದ್ದು ಪೊಳ್ಳಾಗಿದ್ದು, ಸರಿಹೋಗಿದ್ದು

ಮೈಸೂರು ದಸರಾ ಟ್ರ್ಯಾಕ್‌ನಲ್ಲಿ ನಗಾರಿ ಪೆಟ್ಟಿನ ಕೆಳಗೆ ಕಿಕ್ (ಡ್ರಮ್‌ಸೆಟ್‌ನ ದಪ್ಪ ಬಾಸ್ ಡ್ರಮ್) ಸ್ಯಾಂಪಲ್, ಅಂದರೆ ಮೊದಲೇ ರೆಕಾರ್ಡ್ ಆದ ಸದ್ದಿನ ತುಣುಕು, ಸೇರಿಸಿದರೆ ಸದ್ದು ದಪ್ಪ ಆಗುವ ಬದಲು ಪೊಳ್ಳಾಯಿತು. ಬಾಸ್ ಏರಿಸಿ ಪ್ರಯೋಜನವಿಲ್ಲ. ಒಂದರ ಅಲೆಯ ತಗ್ಗು ಇನ್ನೊಂದರ ಅಲೆಯ ಉಬ್ಬನ್ನು ನುಂಗುತ್ತಿರುತ್ತೆ. 50 ಹರ್ಟ್ಸ್‌ನ ಒಂದು ಸುತ್ತು 20 ಮಿಲಿಸೆಕೆಂಡು. ಎರಡರ ನಡುವೆ ಅರ್ಧ ಸುತ್ತು, ಅಂದರೆ 10 ಮಿಲಿಸೆಕೆಂಡು ಜರುಗಿದರೆ ಆ ಬಾಸ್‌ನ ಬುಡವೇ ಮಾಯ.

ವೇವ್‌ಫಾರ್ಮ್ (ಪರದೆಯ ಮೇಲಿನ ಸದ್ದಿನ ಅಲೆಯ ಚಿತ್ರ) ಹಿಗ್ಗಿಸಿ ನೋಡಿದರೆ ಕಿಕ್ ಮೊದಲು ಮೇಲಕ್ಕೆ, ನಗಾರಿ ಕೆಳಕ್ಕೆ. ಕಿಕ್‌ನ ಪೊಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ), 2 ಮಿಲಿಸೆಕೆಂಡು (48 ಕಿಲೋಹರ್ಟ್ಸ್‌ನಲ್ಲಿ 96 ಸ್ಯಾಂಪಲ್) ಹಿಂದಕ್ಕೆ ಎಳೆದ ಮೇಲೆ ಮೊದಲ ಉಬ್ಬುಗಳು ಒಂದರ ಮೇಲೊಂದು ಕೂತವು. ಕೈಯಲ್ಲಿ ಬಾರಿಸಿದ ನಗಾರಿ ಗ್ರಿಡ್‌ಗೆ (ಸಾಫ್ಟ್‌ವೇರ್‌ನ ತಾಳದ ಗೆರೆಗಳಿಗೆ) ಕೂರಲ್ಲ, ಪ್ರತಿ ಪೆಟ್ಟಿಗೂ ಕಿಕ್ ಬೇರೆಯಾಗಿ ಸರಿಸಬೇಕು. ಬೇಜಾರಿನ ಕೆಲಸ.

ನಗಾರಿಗೆ 120 ಹರ್ಟ್ಸ್ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದು ಕಡಿಮೆ ಮಾಡುವ ಫಿಲ್ಟರ್) ಹಾಕೋದಾದರೆ ಜೋಡಿಸುವ ಮೊದಲೇ ಹಾಕಿ. ಸಾಮಾನ್ಯ ಫಿಲ್ಟರ್ ಕೂಡ ಫೇಸ್ (ಅಲೆಯ ಉಬ್ಬು-ತಗ್ಗಿನ ಸ್ಥಾನ) ತಿರುಗಿಸುತ್ತೆ. ಆಮೇಲೆ ಹಾಕಿದರೆ ಸರಿಸಿದ್ದೆಲ್ಲ ದಂಡ. ಕೊನೆಗೆ ಮಾನೋದಲ್ಲಿ (ಎಡ-ಬಲ ಎರಡನ್ನೂ ಒಂದೇ ಚಾನೆಲ್ ಮಾಡಿ) ಕೇಳಿ.