ಗಾಳಿ ತುಂಬಿದರೆ ಬಾಗುವ ಸಿಲಿಕೋನ್ ಬೆರಳು: ಎರಕ, ದಾರ, ಒತ್ತಡ

ಆನೆಯ ಸೊಂಡಿಲಿಗೆ ಮೂಳೆಯಿಲ್ಲ, ಆಕ್ಟೋಪಸ್ ತೋಳಿಗೂ ಇಲ್ಲ. ಎರೆಹುಳುವಿಗೆ ಮೈಯೊಳಗಿನ ದ್ರವವೇ ಆಧಾರ: ಉಂಗುರ ಸ್ನಾಯು ಬಿಗಿದರೆ ಸಪೂರವಾಗಿ ಉದ್ದವಾಗುತ್ತದೆ, ಉದ್ದ ಸ್ನಾಯು ಬಿಗಿದರೆ ಗಿಡ್ಡವಾಗಿ ದಪ್ಪವಾಗುತ್ತದೆ. ಒತ್ತಡ ಎಲ್ಲ ದಿಕ್ಕಿಗೂ ಒಂದೇ ಸಮ ತಳ್ಳುತ್ತದೆ. ಎತ್ತ ಹೋಗಬೇಕೆಂದು ತೀರ್ಮಾನಿಸುವುದು ಹಿಗ್ಗಲು ಬಿಡದ ಭಾಗ. ಹಾಗಾಗಿ ಸಾಫ್ಟ್ ರೋಬೋಟ್ (ಮೆದು ವಸ್ತುವಿನ ರೋಬೋಟ್) ಬೆರಳು ಮಾಡುವಾಗ ನಾನು ಸಿಲಿಕೋನ್‌ಗಿಂತ ಹೆಚ್ಚು ಹೊತ್ತು ಕೊಡುವುದು ದಾರಕ್ಕೆ.

ನನ್ನ ಸಾಮಾನ್ಯ ಅಳತೆ ಇದು. ಒಳಗೆ ಟೊಳ್ಳು ಮೂಡಿಸಲು 12 ಮಿ.ಮೀ. ಅಗಲದ ಅರ್ಧವೃತ್ತಾಕಾರದ ಉಕ್ಕಿನ ಸರಳು, ಗೋಡೆ 2 ಮಿ.ಮೀ., ಉದ್ದ 150 ಮಿ.ಮೀ. ಪೂರ್ತಿ ದುಂಡಗಿನ ಕೊಳವೆಗಿಂತ ಅರ್ಧವೃತ್ತ ಕಡಿಮೆ ಒತ್ತಡಕ್ಕೇ ಬಾಗುತ್ತದೆ. ಸಿಲಿಕೋನ್ ಡ್ರ್ಯಾಗನ್ ಸ್ಕಿನ್ 30, ಎ ಮತ್ತು ಬಿ ಎಂಬ ಎರಡು ದ್ರವಗಳನ್ನು ಸಮನಾಗಿ ಕಲಸಿದರೆ ಗಟ್ಟಿಯಾಗುವ ಬಗೆ. ಇನ್ನೊಂದು ಸಿಲಿಕೋನ್ ಇಕೋಫ್ಲೆಕ್ಸ್ 00-30 ತುಂಬ ಮೆದು, ದಾರದ ಸಂದಿಯಲ್ಲಿ ಉಬ್ಬಿಕೊಳ್ಳುತ್ತದೆ. ಲೆಕ್ಕಕ್ಕೆ ಸುಮಾರು 12 ಗ್ರಾಂ ಸಾಕು, ಆದರೆ ಕಲಸುವ ಕಪ್‌ಗೆ ಅಂಟಿ ಹೋಗುವುದೂ ಸೇರಿ ಎ ಮತ್ತು ಬಿ ತಲಾ 10 ಗ್ರಾಂ ತೂಗುತ್ತೇನೆ. ಅಚ್ಚು ಪಿ.ಎಲ್.ಎ. ಎಂಬ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದ್ದು, ಎರಡು ಹೋಳು. ಬೆರಳಿನ ಮೈಮೇಲೆ ದಾರ ಕೂರುವ ಗೆರೆಗಳನ್ನು ಅಚ್ಚಿನಲ್ಲೇ ಮೂಡಿಸಿದರೆ ಮುಂದಿನ ಕೆಲಸ ಅರ್ಧ ಮುಗಿದಂತೆ.

ಇವು ಪ್ಲಾಟಿನಮ್ ಸಿಲಿಕೋನ್, ಅಂದರೆ ಪ್ಲಾಟಿನಮ್ ವೇಗವರ್ಧಕದಿಂದ ಗಟ್ಟಿಯಾಗುವಂಥವು. ಇವಕ್ಕೆ ಗಂಧಕ ಕಂಡರಾಗದು. ಲೇಟೆಕ್ಸ್ ಗ್ಲೌಸ್, ರಬ್ಬರ್ ಬ್ಯಾಂಡ್, ಕೆಲವು ಬಗೆಯ ಮಾಡೆಲಿಂಗ್ ಕ್ಲೇ ತಾಗಿದ ಕಡೆ ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಉಳಿಯುತ್ತದೆ. ರೆಸಿನ್ ಪ್ರಿಂಟರ್‌ನ ಅಚ್ಚಿಗೂ ಇದೇ ಗತಿ. ವಿನೈಲ್ ಗ್ಲೌಸ್ ಹಾಕಿಕೊಳ್ಳಿ.

ಕಲಸಿದ ಮೇಲೆ ನಿರ್ವಾತದಲ್ಲಿ ಗುಳ್ಳೆ ತೆಗೆಯಬೇಕು. ಮಿಶ್ರಣ ಹಾಲಿನಂತೆ ಉಕ್ಕಿ ಮೂರ್ನಾಲ್ಕು ಪಟ್ಟು ಮೇಲೇರಿ ಕುಸಿಯುತ್ತದೆ, ಆದ್ದರಿಂದ ಕಪ್ ದೊಡ್ಡದಿರಲಿ. ಗೇಜ್ 29 ಇಂಚು ಪಾದರಸ ತೋರಿಸಬೇಕು ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ. ಅದು ಸಮುದ್ರಮಟ್ಟದ ಮಾತು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾಯುಭಾರವೇ ಸುಮಾರು 27 ಇಂಚು. ಮುಳ್ಳು 26ರ ಮೇಲೆ ನಿಂತರೆ ಪಂಪ್ ಚೆನ್ನಾಗಿಯೇ ಇದೆ, ರಿಪೇರಿಗೆ ಒಯ್ಯಬೇಡಿ. ಕಲಸಿದ್ದು ಗಟ್ಟಿಯಾಗತೊಡಗುವ ಮುನ್ನ ಕೆಲಸಕ್ಕೆ ಸಿಗುವ 45 ನಿಮಿಷವೂ 23 ಡಿಗ್ರಿಗೆ ಹೇಳಿದ್ದು. ಕಲಬುರಗಿಯ ಏಪ್ರಿಲ್‌ನಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಎ, ಬಿ ಎರಡನ್ನೂ ಮುಚ್ಚಳ ಬಿಗಿದು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ಆಮೇಲೆ ತೂಗಿ. ಗಟ್ಟಿಯಾಗಲು 16 ಗಂಟೆ. ಬೇಗ ಆಗಲೆಂದು ಓವನ್‌ಗೆ ಇಟ್ಟರೆ ಪಿ.ಎಲ್.ಎ. ಅಚ್ಚು ಸೊಟ್ಟಗಾಗುತ್ತದೆ.

ಈಗ ದಾರ. ಬೆರಳನ್ನು ಅಚ್ಚಿನಿಂದ ಬಿಡಿಸಿ, ಸರಳಿನ ಮೇಲೆಯೇ ಬಿಟ್ಟು, ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಚಪ್ಪಟೆ ಬದಿಗೆ 14 ಮಿ.ಮೀ. ಅಗಲದ ಫೈಬರ್‌ಗ್ಲಾಸ್ ಬಟ್ಟೆಯ ಪಟ್ಟಿಯನ್ನು ಅದೇ ಸಿಲಿಕೋನ್ ಸವರಿ ಅಂಟಿಸಿ. ಆ ಬದಿ ಉದ್ದವಾಗಲಾರದು, ಎದುರು ಬದಿ ಆಗುತ್ತದೆ. ಬಾಗು ಹುಟ್ಟುವುದು ಅಲ್ಲಿಂದ. ಬಟ್ಟೆಯ ನೇಯ್ಗೆ ಬೆರಳಿನ ಉದ್ದಕ್ಕೆ ನೇರವಾಗಿರಬೇಕು. ಓರೆಯಾಗಿ ಕತ್ತರಿಸಿದ ಪಟ್ಟಿ ಹಿಗ್ಗುತ್ತದೆ, ಬಾಗು ಅಷ್ಟಕ್ಕಷ್ಟೇ. ಆಮೇಲೆ ಹಿಗ್ಗದ ಕೆವ್ಲಾರ್ ದಾರವನ್ನು 3 ಮಿ.ಮೀ. ಅಂತರದಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಪ್ರದಕ್ಷಿಣವಾಗಿ ಸುತ್ತಿ, ಅಪ್ರದಕ್ಷಿಣವಾಗಿ ವಾಪಸ್ ಬನ್ನಿ. ಹೋಗಿ ಬರಲು ತಲಾ 50 ಸುತ್ತು, ಒಟ್ಟು ದಾರ ಸುಮಾರು ನಾಲ್ಕೂವರೆ ಮೀಟರ್. ಒಂದೇ ದಿಕ್ಕಿಗೆ ಸುತ್ತಿ ಬಿಟ್ಟರೆ ಬೆರಳು ಬಾಗುತ್ತ ತಿರುಚಿಕೊಳ್ಳುತ್ತದೆ. ಹೆಬ್ಬೆರಳು ಬೇಕಿದ್ದರೆ ಆ ತಿರುಚೇ ಉಪಯೋಗಕ್ಕೆ ಬರುತ್ತದೆ, ಅದು ಬೇರೆ ಮಾತು. ದಾರ ಸಿಲಿಕೋನ್‌ಗೆ ತಾಗಿ ಕೂರಬೇಕು, ಅದನ್ನು ಕಚ್ಚಬಾರದು. ಗುಂಡಿ ಬೀಳುವಷ್ಟು ಬಿಗಿದರೆ ಗೋಡೆ ಆ ಗೆರೆಯಲ್ಲೇ ಸೀಳುತ್ತದೆ.

ದಾರದ ಕೋನವೂ ಮುಖ್ಯ. ಅಕ್ಷದಿಂದ ಅಳೆದರೆ 54.7 ಡಿಗ್ರಿ ಗಡಿ. ಹೆಣೆದ ಕೊಳವೆಯಲ್ಲಿ ಎಳೆಗಳು ಅದಕ್ಕಿಂತ ಕಡಿಮೆ ಕೋನದಲ್ಲಿದ್ದರೆ ಒತ್ತಡಕ್ಕೆ ಕೊಳವೆ ದಪ್ಪವಾಗಿ ಗಿಡ್ಡವಾಗುತ್ತದೆ. ಮೆಕಿಬೆನ್ ಸ್ನಾಯು ಎಂಬ ಗಾಳಿ ತುಂಬುವ ಕೃತಕ ಸ್ನಾಯು ಎಳೆಯುವುದು ಹೀಗೆ. ಹೆಚ್ಚಿದ್ದರೆ ಉದ್ದವಾಗುತ್ತದೆ. ನಮ್ಮ ಸುತ್ತು 85 ಡಿಗ್ರಿಗೂ ಮೇಲಿರುವುದರಿಂದ ಬೆರಳು ಅಡ್ಡಕ್ಕೆ ಉಬ್ಬದೆ ಒತ್ತಡವೆಲ್ಲ ಉದ್ದಕ್ಕೆ ಹೋಗುತ್ತದೆ.

ಮೇಲೆ 1 ಮಿ.ಮೀ. ಸಿಲಿಕೋನ್ ಹೊದಿಕೆ ಎರೆದು, ಅದು ಆರಿದ ಮೇಲೆ ಸೋಪಿನ ನೀರು ಬಿಟ್ಟು ಸರಳು ಜಾರಿಸಿ. ತುದಿ ಮುಚ್ಚುವ ಮುನ್ನ ಒಳಗೆ ತೊಳೆದು ಒಣಗಿಸಿ, ಸೋಪಿನ ಮೇಲೆ ಸಿಲಿಕೋನ್ ಹಿಡಿಯುವುದಿಲ್ಲ. ಒಂದೊಂದೇ ತುದಿಯನ್ನು 10 ಮಿ.ಮೀ. ಆಳದ ಸಿಲಿಕೋನ್‌ನಲ್ಲಿ ನಿಲ್ಲಿಸಿ ಮುಚ್ಚಿ, ಒಂದರಲ್ಲಿ ಮುಳ್ಳಿರುವ ಪ್ಲಾಸ್ಟಿಕ್ ನಳಿಕೆ ಕೂರಿಸಿ. ಸೋರಿಕೆ ಬಹುಪಾಲು ಇಲ್ಲಿಯೇ. ಬರೀ ಅಂಟನ್ನು ನಂಬದೆ ಹೊರಗಿನಿಂದ ದಾರ ಸುತ್ತಿ ಕಟ್ಟಿ.

ಮೊದಲ ಪರೀಕ್ಷೆ ಗಾಳಿಯಲ್ಲಿ ಬೇಡ, ನೀರಿನಲ್ಲಿ ಮಾಡಿ. ಹಿಂಡಿದ ಗಾಳಿ ಒಡೆದಾಗ ಚಿಮ್ಮುತ್ತದೆ, ನೀರು ಬರೀ ಸೋರುತ್ತದೆ. ಬೆರಳಿಗೆ ಹಿಡಿಸುವುದು ಎಂಟೊಂಬತ್ತು ಮಿಲಿಲೀಟರ್, ಮೆಡಿಕಲ್ ಶಾಪ್‌ನ ಸಿರಿಂಜ್ ಮತ್ತು ತ್ರೀ-ವೇ ಸ್ಟಾಪ್‌ಕಾಕ್ (ಮೂರು ದಾರಿಯ ಪುಟ್ಟ ನಲ್ಲಿ) ಸಾಕು. 50 ಮಿ.ಲೀ. ಸಿರಿಂಜ್‌ನಲ್ಲಿ 120 ಕಿಲೋಪಾಸ್ಕಲ್ ಬರಿಸಲು ಹೆಬ್ಬೆರಳಿನಿಂದ 8 ಕೆ.ಜಿ.ಯಷ್ಟು ಒತ್ತಬೇಕು, 10 ಮಿ.ಲೀ.ಯದರಲ್ಲಿ ಎರಡೂವರೆ ಕೆ.ಜಿ. ಸಾಲುತ್ತದೆ. ಈ ಅಳತೆಯ ಬೆರಳು 100–120 ಕಿಲೋಪಾಸ್ಕಲ್‌ಗೆ ಚೆನ್ನಾಗಿ ಸುರುಳಿಯಾಗುತ್ತದೆ. ಒಂದೇ ಕಡೆ ಗುಳ್ಳೆಯೆದ್ದರೆ ಅಲ್ಲಿ ದಾರ ಜರುಗಿದೆ, ಇಲ್ಲವೇ ಗೋಡೆಯಲ್ಲಿ ಗಾಳಿ ಉಳಿದಿದೆ ಎಂದರ್ಥ. ಸರಳು ಮಧ್ಯದಲ್ಲಿ ಕೂರದೆ ಗೋಡೆ ಒಂದು ಕಡೆ ತೆಳುವಾಗಿದ್ದರೆ ಬೆರಳು ಪಕ್ಕಕ್ಕೆ ವಾಲುತ್ತದೆ. ಅದಕ್ಕೆ ಮದ್ದಿಲ್ಲ, ಹೊಸದು ಎರೆಯಿರಿ.

ಆಮೇಲೆ ಗಾಳಿ: 12 ವೋಲ್ಟ್ ಡಯಾಫ್ರಾಮ್ ಪಂಪ್, ತ್ರೀ-ವೇ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ), ಒತ್ತಡ ಅಳೆಯಲು ಎಂಪಿಎಕ್ಸ್5700 ಸೆನ್ಸರ್. ಪಂಪ್, ವಾಲ್ವ್ ಎರಡೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ವಾಲ್ವ್‌ಗೆ ಅಡ್ಡ ಡಯೋಡ್ ಹಾಕದಿದ್ದರೆ ಅದನ್ನು ಆನ್-ಆಫ್ ಮಾಡುವ ಮಾಸ್‌ಫೆಟ್ ಸುಡುತ್ತದೆ. ಸೆನ್ಸರ್ ಬೆರಳಿನ ಹತ್ತಿರವಿರಲಿ, ಪಂಪ್ ಬಳಿ ಇಟ್ಟರೆ ಪೈಪಿನ ಒತ್ತಡವನ್ನಷ್ಟೇ ಓದುತ್ತದೆ. ಅದಕ್ಕೆ ನೀರು ಆಗಿಬರದು, ಬೆರಳು ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ. ಹೊಸ ಸಿಲಿಕೋನ್ ಮೊದಲ ಕೆಲವು ಸಲ ಹಿಗ್ಗಿದಾಗ ಮೆತ್ತಗಾಗುತ್ತ ಹೋಗುತ್ತದೆ. ಹತ್ತಿಪ್ಪತ್ತು ಸಲ ಪೂರ್ತಿ ಬಾಗಿಸಿ ಬಿಟ್ಟ ಮೇಲೆಯೇ ಒತ್ತಡಕ್ಕೆ ಎಷ್ಟು ಡಿಗ್ರಿ ಬಾಗು ಎಂಬ ಪಟ್ಟಿ ಬರೆದುಕೊಳ್ಳಿ.